ಸುಡಲು ಕಲಿಸಿದ ಮಾಷ್ಟ್ರು

ಅವರು ತೀರಿಕೊಂಡ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಎರಡು ಬೆರಳಗಲದ ಜಾಗದಲ್ಲಿ ಬಂದಿತ್ತು. ನಿವೃತ್ತ ಅಧ್ಯಾಪಕ, ಬಂದ್ಯೋಡು ಸಮೀಪದ ನಿವಾಸಿ, ಅಸೌಖ್ಯದಿಂದ ಮಂಗಳೂರಿನ ಆಸ್ಪತ್ರೆಯಲ್ಲಿ ನಿಧನ, ಪತ್ನಿ ಮತ್ತು ಇಬ್ಬರು ಪುತ್ರಿಯರನ್ನು ಅಗಲಿದ್ದಾರೆ. ಕೊನೆಯಲ್ಲಿ, ಯಾವ ಅಧ್ಯಾಪಕ ಸತ್ತರೂ ಬರೆಯುವ ಒಂದು ವಾಕ್ಯ: ‘ಶಿಷ್ಯರ ಮೆಚ್ಚಿನ ಗುರುಗಳಾಗಿದ್ದರು.’ ಅದನ್ನು ಓದಿದಾಗ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಅವರ ಬಗ್ಗೆ ಸರಕಾರದ ಕಡತದಲ್ಲಿರುವ ವಾಕ್ಯ ಬೇರೆ. ಅಲ್ಲಿ ಅವರು ‘ಸಾರ್ವಜನಿಕ ಸೊತ್ತನ್ನು ಉದ್ದೇಶಪೂರ್ವಕವಾಗಿ ನಾಶಪಡಿಸಿದ’ ಅಧ್ಯಾಪಕ. ಸೇವಾಪುಸ್ತಕದಿಂದ ಆ ಒಂದು ವಾಕ್ಯವನ್ನು ತೆಗೆಸಬೇಕೆಂದು ನಿವೃತ್ತಿಯ ತನಕವೂ, ನಿವೃತ್ತಿಯ ಮೇಲೆಯೂ ಅವರು ಕಚೇರಿಯ ಮೆಟ್ಟಿಲು ಹತ್ತಿದರು. ಅದು ತೆಗೆಯಲ್ಪಡಲಿಲ್ಲ. ಅದನ್ನು ಬರೆಯಿಸಿದವರ ಪಟ್ಟಿಯಲ್ಲಿ ನನ್ನ ಹೆಸರೂ ಉಂಟು. ಆದ್ದರಿಂದ ಇದನ್ನು ಯಾರೂ ಶ್ರದ್ಧಾಂಜಲಿ ಎಂದು ಓದಬಾರದು.

ಹೆಸರು ಬೇಡವೆಂದವರು ಅವರ ಮನೆಯವರು. ಶಾಲೆಯಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ನಾನೂ ಇಲ್ಲಿ ಮಾಷ್ಟ್ರು ಎಂದೇ ಬರೆಯುತ್ತೇನೆ.

ನೋಟುಗಳು ರದ್ದಾದುದರ ಹಿಂದಿನ ವರ್ಷದ ಜೂನಿನಲ್ಲಿ ನಾನು ಆ ಶಾಲೆಗೆ ದಿನವೇತನದ ಕನ್ನಡ ಅಧ್ಯಾಪಿಕೆಯಾಗಿ ಸೇರಿದೆ. ಕಾಸರಗೋಡು ಜಿಲ್ಲೆಯ ಬಂದ್ಯೋಡಿನಲ್ಲಿ ಬಸ್ಸಿಳಿದು ಕಡಲಿನ ಕಡೆಗೆ ಹತ್ತು ನಿಮಿಷ ನಡೆದರೆ ಸಿಗುವ ಕನ್ನಡ ಮಾಧ್ಯಮದ ಹೈಸ್ಕೂಲು. ನಾನು ಕುಂಬಳೆಯವಳು, ಮನೆಮಾತು ತುಳು, ಕೈಯಲ್ಲಿ ಆಗಷ್ಟೇ ಪಡೆದ ಕನ್ನಡ ಎಂಎ, ತಲೆಯಲ್ಲಿ ವಿಶ್ವವಿದ್ಯಾನಿಲಯದ ಚರ್ಚೆಗಳ ಬಿಸಿ. ಮಲಯಾಳ ಕೇಳಿದರೆ ಅರ್ಧ ಅರ್ಥವಾಗುತ್ತಿತ್ತು. ಅದರ ಒಂದು ಅಕ್ಷರವನ್ನೂ ಓದಲು ಬರುತ್ತಿರಲಿಲ್ಲ. ಬಾರದಿರುವುದನ್ನು ಒಂದು ನಿಲುವು ಎಂದು ಭಾವಿಸಿದ್ದೆ.

ಮಾಷ್ಟ್ರು ಭೌತಶಾಸ್ತ್ರದವರು. ಬ್ಯಾರಿ ಮಾತಾಡುವ ಕುಟುಂಬ; ಮೂವರು ಅಣ್ಣತಮ್ಮಂದಿರು ಗಲ್ಫಿನಲ್ಲಿ, ಇವರೊಬ್ಬರು ಊರಿನಲ್ಲಿ. ಎತ್ತರದ, ಸಪೂರದ ಆಳು. ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ಟೆಸ್ಟರ್. ಯಾವುದೇ ಸರ್ಕ್ಯೂಟನ್ನು ಮುಟ್ಟುವ ಮೊದಲು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ನಳ್ಳಿಗೆ ಹೋಗಿ ಕೈ ತೊಳೆದು, ಒರಸಿ, ಕಿಟಕಿಯ ಕಬ್ಬಿಣದ ಸರಳನ್ನು ಒಮ್ಮೆ ಹಿಡಿದು ಬರುತ್ತಿದ್ದರು. ಇದೇನು ಹರಕೆಯೇ ಎಂದು ಮೊದಲ ವಾರ ನಾನು ಕೇಳಿದ್ದೆ.

‘ಮೈಯಲ್ಲಿ ಕರೆಂಟ್ ಕೂತಿರುತ್ತದೆ ಟೀಚರೇ, ಅದನ್ನು ಸರಳಿಗೆ ಕೊಟ್ಟು ಬರುವುದು. ಸರ್ಕ್ಯೂಟಿನ ಚಿಪ್ಪಿಗೆ ನಮ್ಮ ಸಿಟ್ಟು ತಾಗಬಾರದಲ್ಲ.’

‘ಕೈ ತೊಳೆಯುವುದು?’

‘ಅದು ಬೆವರಿನ ಉಪ್ಪಿಗೆ. ಕಡಲಿನ ಉಪ್ಪೇ ಸಾಕಾಗ್ತದೆ ಈ ಊರಿಗೆ.’

ಆ ವರ್ಷದ ಮಳೆಗಾಲದಲ್ಲಿ ಶಾಲೆಗೆ ಹತ್ತು ಪೆಟ್ಟಿಗೆಗಳು ಬಂದವು. ಒಂದೊಂದರಲ್ಲೂ ಅಂಗೈಯಗಲದ ಒಂದು ಮೈಕ್ರೋಕಂಟ್ರೋಲರ್ ಬೋರ್ಡು, ಸಾಲು ಸಾಲು ತೂತುಗಳಿದ್ದು ತಂತಿ ಚುಚ್ಚಿ ಜೋಡಿಸುವ ಬಿಳಿಯ ಹಲಗೆ, ಎಲ್‌ಇಡಿಗಳು, ರೆಸಿಸ್ಟರುಗಳು, ಒಂದು ಬಜರ್, ಒಂದು ಬ್ಯಾಟರಿ, ಒಂದು ಪುಟ್ಟ ಮೋಟಾರು, ಬೆಳಕನ್ನು ಗುರುತಿಸುವ ಒಂದು ಕಣ್ಣು, ಕಂಪ್ಯೂಟರಿಗೆ ಸಿಕ್ಕಿಸುವ ವಯರು. ಮಕ್ಕಳು ಕಂಪ್ಯೂಟರಿನಲ್ಲಿ ನಾಲ್ಕು ಸಾಲು ಆಜ್ಞೆ ಬರೆದು ಬೋರ್ಡಿಗೆ ಕಳಿಸಿದರೆ ದೀಪ ಮಿನುಗುತ್ತದೆ, ಮೋಟಾರು ತಿರುಗುತ್ತದೆ. ಪೆಟ್ಟಿಗೆಯೊಂದಿಗೆ ಕೈಪಿಡಿ ಎರಡು ಭಾಷೆಗಳಲ್ಲಿ ಬಂದಿತ್ತು, ಮಲಯಾಳ ಮತ್ತು ಇಂಗ್ಲಿಷ್. ಕನ್ನಡದ್ದು ‘ಬರಲಿದೆ’. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಓದಿದವರಿಗೆ ಈ ‘ಬರಲಿದೆ’ಯ ಆಯುಷ್ಯ ಎಷ್ಟೆಂದು ವಿವರಿಸಬೇಕಾಗಿಲ್ಲ.

ಮಾಷ್ಟ್ರಿಗೆ ಮಲಯಾಳ ಓದಲು, ಬರೆಯಲು, ಜಗಳಾಡಲು, ಎಲ್ಲಕ್ಕೂ ಬರುತ್ತಿತ್ತು. ಅವರು ಕೈಪಿಡಿಯನ್ನು ಓದಿ, ಮಡಚಿ, ಸೀದಾ ನನ್ನ ಮೇಜಿಗೆ ಬಂದರು. ‘ನಾನು ಹೇಳ್ತೇನೆ, ನೀವು ಒಳ್ಳೆ ಕನ್ನಡದಲ್ಲಿ ಬರೆಯಿರಿ. ನಮ್ಮ ಮಕ್ಕಳು ಕಾಯುವುದು ಬೇಡ.’ ಹಾಗೆ ಊಟದ ಬಿಡುವಿನಲ್ಲಿ ನಮ್ಮ ಕೈಪಿಡಿ ಶುರುವಾಯಿತು. ನಾನು ಹುಮ್ಮಸ್ಸಿನಿಂದ ರೆಸಿಸ್ಟರಿಗೆ ‘ರೋಧಕ’ ಎಂದು ಬರೆದೆ. ಅವರು ಪೆನ್ಸಿಲಿನಿಂದ ಹೊಡೆದುಹಾಕಿದರು.

‘ಮಂಗಳೂರಿಗೆ ಹೋಗಿ ರೋಧಕ ಕೊಡಿ ಅಂದ್ರೆ ಅಂಗಡಿಯವ ಎಂತ ಕೊಟ್ಟಾನು ಮಾರಾಯ್ರೆ? ಮಗು ಅಂಗಡಿಯಲ್ಲಿ ಕೇಳುವ ಮಾತು ಪುಸ್ತಕದಲ್ಲಿ ಇರಬೇಕು. ಕನ್ನಡ ಕಷ್ಟಪಡಬೇಕಾದ್ದು ಹೆಸರಿಗಲ್ಲ, ಯಾಕೆ ಅಂತ ವಿವರಿಸ್ಲಿಕ್ಕೆ.’

ಎಂಎ ತರಗತಿಗಳಲ್ಲಿ ಎರಡು ವರ್ಷ ಕೇಳಿದ ಭಾಷಾನೀತಿಯ ಉಪನ್ಯಾಸಗಳಿಗಿಂತ ಈ ಎರಡು ವಾಕ್ಯಗಳಿಂದ ನಾನು ಹೆಚ್ಚು ಕಲಿತೆ. ಅಂದು ಒಪ್ಪಿಕೊಳ್ಳಲಿಲ್ಲ, ವಾದಿಸಿದೆ.

ಪೆಟ್ಟಿಗೆಗಳಿಗೆ ಮಾತ್ರ ಸೀಲು ಇತ್ತು, ಮತ್ತು ಅದನ್ನು ಒಡೆಯುವಂತಿರಲಿಲ್ಲ. ಶಾಲೆಗೆ ಬಂದ ಯಾವ ವಸ್ತುವನ್ನೂ ಉದ್ಘಾಟನೆಯಾಗದೆ ಬಳಸಬಾರದೆಂಬುದು ನಮ್ಮಲ್ಲಿ ಲಿಖಿತ ನಿಯಮಕ್ಕಿಂತ ಗಟ್ಟಿಯಾದ ಸಂಪ್ರದಾಯ. ಹೊಸ ಕಕ್ಕಸಿಗೂ ರಿಬ್ಬನ್ ಕಟ್ಟಿ ಮೂರು ವಾರ ಬೀಗ ಹಾಕಿದ್ದನ್ನು ನಾನೇ ನೋಡಿದ್ದೇನೆ. ಕಿಟ್‌ಗಳ ಉದ್ಘಾಟನೆಗೆ ಜನಪ್ರತಿನಿಧಿಯೊಬ್ಬರು ಬರಬೇಕಿತ್ತು. ಮೊದಲು ಅವರಿಗೆ ಪುರುಸೊತ್ತಿರಲಿಲ್ಲ. ಆಮೇಲೆ ಓಣಂ ರಜೆ. ಆಮೇಲೆ ಪಂಚಾಯತ್ ಚುನಾವಣೆ, ನೀತಿಸಂಹಿತೆ. ಪೆಟ್ಟಿಗೆಗಳು ಲ್ಯಾಬಿನ ಕಬ್ಬಿಣದ ಕಪಾಟಿನಲ್ಲಿ ಮಳೆಗಾಲ ಕಳೆದವು.

ಮಾಷ್ಟ್ರು ಪ್ರತಿ ಸೋಮವಾರ ಹೆಡ್‌ಮಾಷ್ಟ್ರ ಕೋಣೆಗೆ ಹೋಗುತ್ತಿದ್ದರು. ಹೆಡ್‌ಮಾಷ್ಟ್ರು ಕೆಟ್ಟವರಲ್ಲ, ಹೆದರಿದವರು. ನಮ್ಮ ಕಚೇರಿಗಳಲ್ಲಿ ಹೆದರಿದವರು ಮಾಡುವಷ್ಟು ಹಾನಿಯನ್ನು ಕೆಟ್ಟವರು ಮಾಡಿದ್ದನ್ನು ನಾನು ಕಂಡಿಲ್ಲ.

‘ಸಾರ್, ಹತ್ತನೆಯ ಮಕ್ಕಳು ಮಾರ್ಚಿಯಲ್ಲಿ ಹೋಗ್ತಾರೆ. ಅವರು ಇದನ್ನು ಮುಟ್ಟದೆಯೇ ಹೋಗುವುದಾ?’

‘ಡೇಟ್ ಸಿಗಲಿ ಮಾಷ್ಟ್ರೇ. ನಾನು ಎಂತ ಮಾಡ್ಲಿ?’

ಒಮ್ಮೆ ಇಂಥ ಭೇಟಿಯಿಂದ ಹಿಂದೆ ಬಂದವರು ಕುರ್ಚಿಯಲ್ಲಿ ಕುಳಿತು, ಯಾರನ್ನೂ ನೋಡದೆ ಹೇಳಿದರು: ‘ನಾನು ಬಿಎಸ್ಸಿ ಮಾಡಿದ ಕಾಲೇಜಿನಲ್ಲಿ ಗ್ಯಾಲ್ವನೋಮೀಟರ್ ಗಾಜಿನ ಕಪಾಟಿನೊಳಗೆ ಇತ್ತು. ಲೆಕ್ಚರರು ಹೊರಗಿಂದ ಕೋಲಿನಲ್ಲಿ ತೋರಿಸ್ತಿದ್ದರು. ಫಸ್ಟ್ ಕ್ಲಾಸಲ್ಲಿ ಪಾಸಾದೆ. ಅದನ್ನು ಮುಟ್ಟಿದ್ದು ಮಾತ್ರ ಮಾಷ್ಟ್ರಾದ ಮೇಲೆ. ಎಲ್ಲಿ ಹಿಡಿಯುವುದೂಂತ ಗೊತ್ತಾಗಲಿಲ್ಲ ಟೀಚರೇ, ಮಕ್ಕಳ ಎದುರು.’

ನವೆಂಬರಿನಲ್ಲಿ ಅವರು ಒಂದು ಸೀಲು ಒಡೆದರು. ಕದ್ದು ಅಲ್ಲ, ಮಧ್ಯಾಹ್ನ, ಹತ್ತನೆಯ ತರಗತಿಯ ಇಪ್ಪತ್ತೆರಡು ಮಕ್ಕಳ ಮತ್ತು ನನ್ನ ಎದುರು, ಕೈ ತೊಳೆದು, ಸರಳು ಮುಟ್ಟಿ. ಒಳಗೆ ಬ್ಯಾಟರಿಯ ತುದಿಗಳಿಗೆ ಆಗಲೇ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಎತ್ತಿ ತೋರಿಸಿದರು. ‘ನೋಡಿ, ಯಾರೂ ಮುಟ್ಟದೆಯೇ ಹಾಳಾಗ್ತಾ ಉಂಟು.’

ಅವರ ಮೊದಲ ಪಾಠದ ಬಗ್ಗೆ ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಅವರನ್ನು ಶಿಕ್ಷಿಸಿದ್ದು ಅದಕ್ಕಾಗಿ. ಅಂದು ಅವರು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಒಂದು ಕಾಗದದ ಪೊಟ್ಟಣ ಬಿಡಿಸಿದರು. ಅದರಲ್ಲಿ ಕೆಂಪು ಎಲ್‌ಇಡಿಗಳು. ‘ಇವತ್ತು ಪ್ರತಿಯೊಬ್ಬರೂ ಒಂದೊಂದು ಸುಡಬೇಕು. ಈ ಪೊಟ್ಟಣದ್ದು ಸುಡಿ. ಡಬ್ಬದ್ದು ಮುಟ್ಟಬೇಡಿ.’

ನಡುವೆ ರೆಸಿಸ್ಟರ್ ಇಡದೆ ಎಲ್‌ಇಡಿಯನ್ನು ನೇರವಾಗಿ ಒಂಬತ್ತು ವೋಲ್ಟಿನ ಬ್ಯಾಟರಿಗೆ ಹಿಡಿದರೆ ಅದು ಒಂದು ಗಳಿಗೆ ಅತಿಯಾಗಿ ಬೆಳಗಿ, ಕೆಂಪಿನಿಂದ ಕಿತ್ತಳೆಗೆ ತಿರುಗಿ, ಸಣ್ಣದೊಂದು ಕಮಟು ವಾಸನೆ ಬಿಟ್ಟು ಸಾಯುತ್ತದೆ. ಮಕ್ಕಳು ಹಿಂಜರಿದರು. ನಮ್ಮ ಮಕ್ಕಳು ಶಾಲೆಯ ವಸ್ತುವನ್ನು ಹಾಳುಮಾಡಬಾರದೆಂಬುದನ್ನು ಅಕ್ಷರಕ್ಕಿಂತ ಮೊದಲು ಕಲಿತವರು. ಸುಹರಾ ಎಂಬ ಹುಡುಗಿ, ತರಗತಿಯಲ್ಲೇ ಚುರುಕಿನವಳು, ಎಲ್‌ಇಡಿಯನ್ನು ಕೈಯಲ್ಲಿ ಹಿಡಿದುಕೊಂಡು ಅಳುವುದೊಂದು ಬಾಕಿ.

‘ಹಾಳಾಗ್ತದೆ ಮಾಷ್ಟ್ರೇ.’

‘ಹಾಳಾಗ್ಲಿಕ್ಕೇ ಕೊಟ್ಟದ್ದು ಮಗಾ.’

‘ಮತ್ತೆ ಬೈಯುವುದಿಲ್ಲವಾ?’

‘ಸುಡದಿದ್ದರೆ ಬೈತೇನೆ.’

ಅವಳು ಕಣ್ಣು ಮುಚ್ಚಿ ಹಿಡಿದಳು. ವಾಸನೆ ಬಂತು. ಕಣ್ಣು ಬಿಟ್ಟು, ತಾನು ಸುಟ್ಟದ್ದನ್ನು ನೋಡಿ ನಕ್ಕಳು. ಆ ಬಳಿಕ ಅವಳ ಬೆರಳುಗಳಲ್ಲಿ ನಾನು ಹೆದರಿಕೆ ಕಾಣಲಿಲ್ಲ. ಮಾಷ್ಟ್ರು ಸುಟ್ಟವುಗಳನ್ನೆಲ್ಲ ಒಂದು ಬಿಸ್ಕತ್ತಿನ ತಗಡು ಡಬ್ಬಿಗೆ ಹಾಕಿಸಿದರು. ಒಂದೊಂದರ ಕಾಲಿಗೂ ಸುಟ್ಟ ಮಗುವಿನ ಹೆಸರಿನ ಚೀಟಿ. ಅವುಗಳನ್ನು ಅವರು ಕರೆಯುತ್ತಿದ್ದದ್ದು ‘ಪಾಸಾದವು’ ಎಂದು. ‘ಹೆದರಿಕೆ ಸುಟ್ಟ ಮೇಲೆಯೇ ಡಬ್ಬ ಬಿಡಿಸುವುದು,’ ಎಂದು ನನಗೆ ಹೇಳಿದರು. ‘ಇಲ್ಲದಿದ್ರೆ ಈ ಮಕ್ಕಳು ಬೋರ್ಡನ್ನು ಕೈಮುಗಿದು ನೋಡ್ತಾರೆ, ಅಷ್ಟೆ.’

ಮರುದಿನದಿಂದ ಬೋರ್ಡು. ಕಂಪ್ಯೂಟರಿಗೆ ಹೋಗುವ ಮೊದಲು ಅವರು ಪ್ರೋಗ್ರಾಮನ್ನು ಮಕ್ಕಳಿಂದ ಆಡಿಸುತ್ತಿದ್ದರು. ಒಬ್ಬ ಆಜ್ಞೆ ಓದುವವನು, ಸುಹರಾ ದೀಪ. ಹೊತ್ತಿಸು ಎಂದರೆ ಎದ್ದು ನಿಲ್ಲಬೇಕು, ಆರಿಸು ಎಂದರೆ ಕೂರಬೇಕು, ಕಾಯು ಎಂದರೆ ಮನಸ್ಸಿನಲ್ಲಿ ಹತ್ತು ಎಣಿಸಬೇಕು. ಮತ್ತೆ ಮೊದಲಿನಿಂದ. ಒಂದು ದಿನ ಅವರು ಕರಿಹಲಗೆಯ ಮೇಲಿಂದ ‘ಕಾಯು’ ಎಂಬ ಎರಡೂ ಸಾಲುಗಳನ್ನು ಅಳಿಸಿದರು. ಸುಹರಾ ಎದ್ದು ಕೂತು ಎದ್ದು ಕೂತು ಏದುಸಿರು ಬಿಟ್ಟಳು.

‘ಮಾಷ್ಟ್ರೇ, ಇದು ಮಿನುಗುವುದಾ ಡ್ರಿಲ್ ಮಾಡುವುದಾ?’

‘ನಿನ್ನ ಹಾಗೆ ಬೋರ್ಡಿಗೆ ಸುಸ್ತಾಗುವುದಿಲ್ಲ. ಅದು ಎಷ್ಟು ಬೇಗ ಮಾಡ್ತದೆ ಅಂದ್ರೆ ನಮ್ಮ ಕಣ್ಣಿಗೆ ದೀಪ ಆರಿದ್ದೇ ಕಾಣುವುದಿಲ್ಲ. ಅದಕ್ಕೆ ಯಂತ್ರಕ್ಕೆ ಕಾಯ್ಲಿಕ್ಕೆ ಹೇಳಿಕೊಡಬೇಕು.’ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ ಮೆಲ್ಲಗೆ ಸೇರಿಸಿದರು: ‘ನಮ್ಮ ಇಲಾಖೆಗೆ ಹೇಳಿಕೊಡಬೇಕೂಂತಿಲ್ಲ.’

ಕ್ರಿಸ್ಮಸ್ ರಜೆಯ ಹೊತ್ತಿಗೆ ಆ ಮಕ್ಕಳು ಶಾಲೆಯ ನೀರಿನ ಟಾಂಕಿ ತುಂಬಿದಾಗ ಕೂಗುವ ಬಜರ್ ಮಾಡಿದ್ದರು. ಕತ್ತಲಾದರೆ ತಾನಾಗಿ ಹೊತ್ತುವ ದೀಪ ಮಾಡಿದ್ದರು. ಅದನ್ನು ಪರೀಕ್ಷಿಸಲು ಸುಹರಾ ತನ್ನ ಶಾಲನ್ನು ಅದರ ಮೇಲೆ ಹೊದೆಸುತ್ತಿದ್ದಳು. ಆ ವಾರಗಳಲ್ಲಿ ಮಾಷ್ಟ್ರು ಊಟದ ಬುತ್ತಿ ಬಿಚ್ಚುವುದನ್ನೇ ಮರೆಯುತ್ತಿದ್ದರು. ನಾನು ಕಂಡ ಅವರ ಸಂತೋಷದ ಕಾಲ ಅಷ್ಟೇ, ಸುಮಾರು ಹತ್ತು ವಾರ.

ಫೆಬ್ರವರಿಯಲ್ಲಿ ಉದ್ಘಾಟನೆಗೆ ದಿನ ಸಿಕ್ಕಿತು. ಹೆಡ್‌ಮಾಷ್ಟ್ರು ಲ್ಯಾಬಿಗೆ ಬಂದು, ಒಡೆದ ಪೆಟ್ಟಿಗೆಯನ್ನು ನೋಡಿ, ಬಾಗಿಲು ಮುಚ್ಚಿ, ಅತ್ಯಂತ ಸಜ್ಜನಿಕೆಯಿಂದ ಒಂದು ದಾರಿ ಸೂಚಿಸಿದರು.

‘ಟೇಪ್ ಹಾಕಿ ಪುನಃ ಅಂಟಿಸಿ ಬಿಡುವಾ ಮಾಷ್ಟ್ರೇ. ಅತಿಥಿಗಳು ಬಿಡಿಸ್ಲಿ. ಯಾರಿಗೂ ಗೊತ್ತಾಗುವುದಿಲ್ಲ.’

‘ಇಪ್ಪತ್ತೆರಡು ಮಕ್ಕಳಿಗೆ ಗೊತ್ತುಂಟಲ್ಲ ಸಾರ್.’

‘ಮಕ್ಕಳು ಎಂತ ಹೇಳ್ತಾರೆ?’

‘ಅವರು ಹೇಳುವುದಿಲ್ಲ. ಸುಳ್ಳು ಹೇಗೆ ಅಂಟಿಸುವುದೂಂತ ನನ್ನಿಂದ ಕಲೀತಾರೆ.’

ಸಮಾರಂಭದ ದಿನ ಒಂಬತ್ತು ಪೆಟ್ಟಿಗೆಗಳಿಗೆ ರಿಬ್ಬನ್ ಕಟ್ಟಿತ್ತು. ಹತ್ತನೆಯದರ ಜಾಗದಲ್ಲಿ ಮಕ್ಕಳು ಮಾಡಿದ ದೀಪ, ಬಜರ್, ಮೋಟಾರು. ಅತಿಥಿಗಳು ಬಂದರು, ನೋಡಿದರು, ಒಂದು ಡಬ್ಬ ಯಾಕೆ ತೆರೆದಿದೆ ಎಂದು ಕೇಳಿದರು. ಆಗ ಸುಹರಾ ಮುಂದೆ ಬಂದಳು. ಅವಳ ಕೈಯಲ್ಲಿ ಆ ಬಿಸ್ಕತ್ತಿನ ಡಬ್ಬಿ. ತಾವು ಕಲಿತದ್ದರಲ್ಲಿ ಅವಳಿಗೆ ಅತ್ಯಂತ ಹೆಮ್ಮೆಯದ್ದನ್ನು ಅವಳು ದೊಡ್ಡವರಿಗೆ ತೋರಿಸಿದಳು.

‘ಇದೆಲ್ಲ ನಾವು ಸುಟ್ಟದ್ದು ಸಾರ್. ಇದು ನಾನು ಸುಟ್ಟದ್ದು. ಸುಡ್ಲಿಕ್ಕೆ ಮಾಷ್ಟ್ರೇ ಹೇಳಿದ್ದು.’

ವೇದಿಕೆಯ ಮೇಲೆ ಯಾರೋ ನಕ್ಕರು. ಅತಿಥಿಗಳು ನಗಲಿಲ್ಲ. ತಮಗೆ ಉದ್ಘಾಟಿಸಲು ಕೊಟ್ಟದ್ದನ್ನು ಬೇರೆಯವರು ತಮಗಿಂತ ಮೊದಲೇ ಉದ್ಘಾಟಿಸಿ ಸುಟ್ಟೂ ಹಾಕಿದ್ದಾರೆಂದು ಭಾಷಣದಲ್ಲಿ ಹೇಳಿದರು. ಮರುದಿನ ಪತ್ರಿಕೆಯಲ್ಲಿ ಆ ಮಾತು ಬಂತು. ಎಂಟು ದಿನದೊಳಗೆ ಮಾಷ್ಟ್ರಿಗೆ ಮೆಮೊ ಬಂತು. ಏಳು ತಿಂಗಳು ಒಂದು ದಿನಾಂಕ ಕೊಡಲಾರದ ವ್ಯವಸ್ಥೆಗೆ ಎಂಟು ದಿನದಲ್ಲಿ ಒಂದು ಮೆಮೊ ಕೊಡಲು ಸಾಧ್ಯವಾಯಿತು.

ಮಾರ್ಚಿಯಲ್ಲಿ ವಿಚಾರಣೆ. ತೆಂಕಣ ಜಿಲ್ಲೆಯೊಂದರಿಂದ ಬಂದ ಅಧಿಕಾರಿ. ದಣಿದ, ಸೌಮ್ಯ ಮುಖದವರು. ಅವರಿಗೆ ಕನ್ನಡ ಬಾರದು. ಅವರು ಮಲಯಾಳದಲ್ಲಿ ಕೇಳಿದ್ದನ್ನು ಜತೆಗೆ ಬಂದ ಗುಮಾಸ್ತರು ನನಗೆ ಕನ್ನಡದಲ್ಲಿ ಹೇಳಿದರು, ನಾನು ಹೇಳಿದ್ದನ್ನು ಮಲಯಾಳದಲ್ಲಿ ಬರೆದುಕೊಂಡರು.

‘ಮಕ್ಕಳು ಸುಟ್ಟದ್ದನ್ನು ನೀವು ನೋಡಿದ್ದೀರಾ?’

‘ನೋಡಿದ್ದೇನೆ. ಆದರೆ ಅದು ಕಿಟ್‌ನದ್ದಲ್ಲ. ಹೊರಗಿನಿಂದ ತಂದದ್ದು.’

‘ತಂದವರು ಯಾರು?’

‘ಗೊತ್ತಿಲ್ಲ.’

ಗುಮಾಸ್ತರು ಒಂದು ಹಾಳೆಯನ್ನು ನನ್ನ ಮುಂದಿಟ್ಟರು. ದುಂಡು ದುಂಡಾದ ಮಲಯಾಳ ಅಕ್ಷರಗಳು. ಇದರಲ್ಲಿ ಎಂತ ಉಂಟು ಎಂದು ಕೇಳಿದೆ.

‘ನೀವು ಹೇಳಿದ್ದೇ ಟೀಚರೇ. ಬೇಗ ಸೈನ್ ಹಾಕಿ, ಸಾರಿಗೆ ಟ್ರೈನ್ ಉಂಟು.’

ನಾನು ಸಹಿ ಹಾಕಿದೆ. ಕಾಸರಗೋಡಿನ ಕನ್ನಡಿಗರು ಜಾಗದ ಕಾಗದಕ್ಕೆ, ರೇಷನ್ ಅರ್ಜಿಗೆ, ಆಸ್ಪತ್ರೆಯ ಒಪ್ಪಿಗೆಗೆ ಹೀಗೆಯೇ ಸಹಿ ಹಾಕುತ್ತಾ ಬಂದವರು. ನಮ್ಮ ಅಪ್ಪಂದಿರು ಹಾಕಿದರು. ಅವರನ್ನು ನಾನು ವಿಶ್ವವಿದ್ಯಾನಿಲಯದ ವಿಚಾರ ಸಂಕಿರಣಗಳಲ್ಲಿ ಮೇಜು ಗುದ್ದಿ ಖಂಡಿಸಿದ್ದೆ. ನನ್ನ ಸರದಿ ಬಂದಾಗ ನನಗೆ ಬೇಕಾದದ್ದು ಅರ್ಧ ನಿಮಿಷ.

ಫಲಿತಾಂಶವಾಗಿ ಮಾಷ್ಟ್ರ ಸೇವಾಪುಸ್ತಕದಲ್ಲಿ ಆ ವಾಕ್ಯ ಸೇರಿತು, ಲ್ಯಾಬಿನ ಕೀಲಿ ಅವರ ಕೈ ಬಿಟ್ಟಿತು. ಹತ್ತೂ ಪೆಟ್ಟಿಗೆಗಳು ಕಪಾಟಿನೊಳಗೆ ಹೋದವು. ಜೂನಿನಲ್ಲಿ ನನ್ನ ದಿನವೇತನದ ಕೆಲಸ ಮುಂದುವರಿಯಿತು. ಮಾಷ್ಟ್ರು ಸುಣ್ಣದ ಕಡ್ಡಿಯಿಂದ ಹಲಗೆಯ ಮೇಲೆ ಸರ್ಕ್ಯೂಟ್ ಬಿಡಿಸಿ ಪಾಠ ಮಾಡಿದರು. ನಮ್ಮ ಕೈಪಿಡಿ ಹದಿನೇಳನೆಯ ಪುಟದಲ್ಲಿ ನಿಂತಿತ್ತು. ಅವರು ಮತ್ತೆ ಅದರ ಮಾತೆತ್ತಲಿಲ್ಲ, ನಾನು ಕೇಳಲಿಲ್ಲ. ನನ್ನೊಂದಿಗಿನ ಅವರ ಸೌಜನ್ಯ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಅದು ನನಗೆ ನೆಮ್ಮದಿ ಕೊಟ್ಟಿತು, ಅದನ್ನೂ ಬರೆಯಬೇಕು.

ಒಂದು ಸಂಜೆ ಬಂದ್ಯೋಡಿನ ಬಸ್ ನಿಲ್ದಾಣದಲ್ಲಿ ನಾವಿಬ್ಬರೇ. ಅವರು ಇದ್ದಕ್ಕಿದ್ದಂತೆ ಹೇಳಿದರು: ‘ಟೀಚರೇ, ಮಲಯಾಳದ ಅಕ್ಷರ ಕಲೀರಿ.’

ನನಗೆ ರೇಗಿತು. ‘ನಾನೇಕೆ ಕಲಿಯಬೇಕು? ನನಗೆ ನನ್ನ ಭಾಷೆಯಲ್ಲಿ ಕಾಗದ ಕೊಡಬೇಕಾದ್ದು ಅವರ ಕರ್ತವ್ಯ ಮಾಷ್ಟ್ರೇ. ನೀವೇ ಕಚೇರಿಗೆ ಕನ್ನಡದಲ್ಲಿ ಬರೆಯುತ್ತೀರಲ್ಲ, ಮಲಯಾಳ ಗೊತ್ತಿದ್ದೂ.’

‘ಬರೀತೇನೆ. ಅದು ನನ್ನ ಹಕ್ಕು. ಅವರು ಬರೆದದ್ದನ್ನು ಓದ್ತೇನೆ, ಅದು ನನ್ನ ಜಾಗ್ರತೆ. ಸಿಟ್ಟಿನಿಂದಾದರೂ ಕಲೀರಿ.’

ಬಸ್ಸು ಬಂತು. ಅಲ್ಪಸಂಖ್ಯಾತ ಭಾಷೆಯ ಹೋರಾಟವನ್ನು ಅರ್ಥಮಾಡಿಕೊಳ್ಳದ ಹಳೆಯ ತಲೆಮಾರು ಎಂದು ಅಂದುಕೊಂಡು ನಾನು ಹತ್ತಿದೆ. ಮರುವರ್ಷ ಆ ಶಾಲೆ ಬಿಟ್ಟೆ. ಸಂಶೋಧನೆಗಾಗಿ ಕಣ್ಣೂರಿನ ಕಡೆ ಇದ್ದಾಗ ಗತ್ಯಂತರವಿಲ್ಲದೆ ಅಕ್ಷರ ಕಲಿತೆ. ಅಷ್ಟರಲ್ಲಿ ಅವರು ಐವತ್ತಾರಕ್ಕೆ ನಿವೃತ್ತರಾಗಿದ್ದರು. ಬೀಳ್ಕೊಡುಗೆಗೆ ನಾನು ಹೋಗಲಿಲ್ಲ.

ಪತ್ರಿಕೆಯ ಆ ಎರಡು ಬೆರಳಗಲದ ಸುದ್ದಿ ಓದಿದ ಮೇಲೆ ಮಾಹಿತಿ ಹಕ್ಕಿನಲ್ಲಿ ನನ್ನ ಹೇಳಿಕೆಯ ಪ್ರತಿಯನ್ನೂ ಅದಕ್ಕೆ ಸಂಬಂಧಿಸಿದ ಕಾಗದಗಳನ್ನೂ ಕೇಳಿದೆ. ಮೊದಲು ಇಲ್ಲವೆಂದರು, ಮೇಲ್ಮನವಿಯ ನಂತರ ಕೊಟ್ಟರು. ನಾಲ್ಕನೆಯ ತರಗತಿಯ ಮಗುವಿನಂತೆ ಬೆರಳಿಟ್ಟು ನಾನು ನನ್ನ ಹೇಳಿಕೆಯನ್ನು ಓದಿದೆ: ‘ಶಾಲೆಗೆ ಬಂದ ಕಿಟ್‌ನ ಭಾಗಗಳನ್ನು ಮಕ್ಕಳಿಂದ ಸುಡಿಸಿದ್ದನ್ನು ಕಂಡಿದ್ದೇನೆ.’ ಹೊರಗಿನಿಂದ ತಂದದ್ದು ಎಂಬ ಮಾತು ಅದರಲ್ಲಿಲ್ಲ. ಅವಸರದಲ್ಲಿ ಬಿಟ್ಟುಹೋಯಿತೋ, ಬೇಕೆಂದು ಬಿಟ್ಟರೋ, ನನಗೆ ತಿಳಿಯದು. ಅದನ್ನು ಬರೆದವರು ಇನ್ನೂ ಕೆಲಸದಲ್ಲಿದ್ದಾರೆ; ಉತ್ತರಿಸಬೇಕಾದವರು ಅವರು. ಕೆಳಗೆ, ಸ್ಪಷ್ಟವಾದ ಕನ್ನಡದಲ್ಲಿ, ನನ್ನ ಸಹಿ.

ಅದರ ಹಿಂದೆ ಮಾಷ್ಟ್ರ ವಿವರಣೆ, ಮೂರು ಪುಟ, ಕನ್ನಡದಲ್ಲಿ. ಮೇಲಿನ ಅಂಚಿನಲ್ಲಿ ಕಚೇರಿಯ ಯಾರೋ ಮಲಯಾಳದಲ್ಲಿ ಗೀಚಿದ್ದರು: ‘ಕನ್ನಡದಲ್ಲಿದೆ. ಭಾಷಾಂತರಕ್ಕೆ ಕಳುಹಿಸಿ.’ ಕಡತದಲ್ಲಿ ಭಾಷಾಂತರ ಇಲ್ಲ. ಮುಂದಿನ ಹಾಳೆ ಅಂತಿಮ ಆದೇಶ: ‘ಆರೋಪಿತರಿಂದ ತೃಪ್ತಿಕರವಾದ ವಿ­ವರಣೆ ಬಂದಿರುವುದಿಲ್ಲ.’ ಕನ್ನಡ ಶಾಲೆಯ ಅಧ್ಯಾಪಕನೊಬ್ಬ ಕಾನೂನು ತನಗೆ ಕೊಟ್ಟ ಭಾಷೆಯಲ್ಲಿ ತನ್ನ ಮಾನಕ್ಕಾಗಿ ಬರೆದ ಮೂರು ಪುಟಗಳನ್ನು ಓದದೆಯೇ ತೃಪ್ತಿಯಾಗಲಿಲ್ಲ ಎಂದು ಬರೆದ ಕೈ ಯಾವುದು? ಭಾಷಾಂತರಕ್ಕೆ ಕಳುಹಿಸಬೇಕಾದವರು ಯಾರು? ಕಳುಹಿಸಿದ್ದರೆ ಅದು ಯಾರ ಮೇಜಿನ ಮೇಲೆ ನಿಂತಿತು? ಈ ಮೂರು ಪ್ರಶ್ನೆಗಳನ್ನು ನಾನು ಲಿಖಿತವಾಗಿ ಕೇಳಿದ್ದೇನೆ. ಸಂಬಂಧಪಟ್ಟ ವ್ಯಕ್ತಿ ನಿಧನರಾಗಿರುವುದರಿಂದ ಕಡತವನ್ನು ಮತ್ತೆ ತೆರೆಯಲು ಅವಕಾಶವಿಲ್ಲ ಎಂಬ ಉತ್ತರ ಬಂದಿದೆ. ಮಲಯಾಳದಲ್ಲಿ.

ಮಾಷ್ಟ್ರ ವಿವರಣೆಯ ಕೊನೆಯ ಪುಟದಲ್ಲಿ ಎರಡು ಕಂಡಿಕೆಗಳಿವೆ. ಒಂದು: ‘ಎಲ್‌ಇಡಿಗಳನ್ನು ಮಂಗಳೂರಿನಿಂದ ನಾನೇ ತಂದದ್ದು. ಅದಕ್ಕೆ ಬೇರೆ ಸಾಕ್ಷಿ ಇಲ್ಲ.’ ಇನ್ನೊಂದು: ‘ಕನ್ನಡ ಅಧ್ಯಾಪಿಕೆಯವರನ್ನು ಪಾಟಿಸವಾಲು ಮಾಡಲು ನನಗೆ ಅವಕಾಶ ಕೊಟ್ಟಿದ್ದೀರಿ. ಅವರಿಗೆ ಮಲಯಾಳ ಓದಲು ಬರುವುದಿಲ್ಲ. ಹೇಳಿಕೆಯನ್ನು ಅವರಿಗೆ ಓದಿ ಹೇಳಿದಂತೆ ಕಾಣುವುದಿಲ್ಲ. ಅವರು ಹಂಗಾಮಿ ಕೆಲಸದಲ್ಲಿರುವವರು. ದಯವಿಟ್ಟು ಅವರನ್ನು ಪುನಃ ಕರೆಯಬೇಡಿ.’

ಆ ಪ್ರತಿಗಳನ್ನು ತೆಗೆದುಕೊಂಡು ನಾನು ಅವರ ಮನೆಗೆ ಹೋದೆ. ಅವರ ಹೆಂಡತಿ ಜಗಲಿಯಲ್ಲಿ ಕುಳಿತು ಕನ್ನಡಕ ಹಾಕಿಕೊಂಡು ಮೂರೂ ಪುಟಗಳನ್ನು ತಾವೇ ಓದಿದರು. ಒಂದೆಡೆ ಅವರ ಮುಖದಲ್ಲಿ ನಗು ಹಾದುಹೋಯಿತು.

‘ಮಾನ್ಯರೇ ಅಂತ ನಾಲ್ಕು ಕಡೆ ಬರೆದಿದ್ದಾರೆ. ನನ್ನನ್ನು ಇಷ್ಟು ವರ್ಷ ಓ, ಕೇಳ್ತಾ ಅಂತಲೇ ಕರೆದದ್ದು.’ ಮತ್ತೆ ಕೇಳಿದರು: ‘ಇದನ್ನು ಕಚೇರಿಯವರು ಓದಲೇ ಇಲ್ಲವಾ?’

‘ಇಲ್ಲ ಅಕ್ಕ.’

‘ನೀವು ಸೈನ್ ಹಾಕುವಾಗ?’

‘ನನಗೆ ಓದಲು ಬರುತ್ತಿರಲಿಲ್ಲ.’

‘ಬರುವುದಿಲ್ಲ ಅಂತ ಹೇಳ್ಲಿಕ್ಕೆ ಬರ್ತಿತ್ತಲ್ಲ, ಟೀಚರ್.’

ಅವರು ದನಿ ಎತ್ತಲಿಲ್ಲ. ಕೊನೆಯ ಪುಟವನ್ನು ಮತ್ತೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ನಾನೇ ತಂದದ್ದು ಅಂತ ಬರೆದಿದ್ದಾರೆ. ಇದು ಸುಳ್ಳು. ಆ ವಾರ ಅವರಿಗೆ ಜ್ವರ, ಶನಿವಾರ ಇಡೀ ಮಲಗಿಯೇ ಇದ್ದರು. ಶಾಲೆಯಿಂದ ಯಾರೋ ಮಂಗಳೂರಿಗೆ ಹೋಗ್ತಾರೆ, ಅವರ ಹತ್ರ ತರಿಸಿದ್ದೇನೆ ಅಂದಿದ್ದರು.’ ಕನ್ನಡಕ ತೆಗೆದು ನನ್ನನ್ನು ನೋಡಿದರು. ‘ಅದು ನೀವಲ್ಲವಾ?’

ಹೌದೆಂದು ತಲೆಯಾಡಿಸಿದೆ. ಅವರು ಹಾಳೆಗಳನ್ನು ಅಂಚು ಸರಿಪಡಿಸಿ ನನಗೆ ಮರಳಿಸಿ, ಒಳಗೆ ಹೋದರು.

ಕಡತ ತೆರೆಯದು ಎಂದಿದ್ದಾರಾದ್ದರಿಂದ ನನ್ನ ಹೇಳಿಕೆಯನ್ನು ಇಲ್ಲಿ ಕೊಡುತ್ತಿದ್ದೇನೆ. ಆ ನವೆಂಬರಿನ ಮಧ್ಯಾಹ್ನ ನಾನು ಲ್ಯಾಬಿನಲ್ಲಿದ್ದೆ. ಮಕ್ಕಳು ಸುಟ್ಟ ಒಂದೊಂದು ಎಲ್‌ಇಡಿಯೂ ಮಾಷ್ಟ್ರು ತರಿಸಿದ ಪೊಟ್ಟಣದ್ದು. ಪೆಟ್ಟಿಗೆಯ ಒಂದು ತಂತಿಯೂ ಹಾಳಾಗಲಿಲ್ಲ. ಆ ಪೊಟ್ಟಣವನ್ನು ಅವರು ಬರೆದುಕೊಟ್ಟ ಚೀಟಿ ತೋರಿಸಿ ಮಂಗಳೂರಿನ ಅಂಗಡಿಯಿಂದ ಕೊಂಡವಳು ನಾನು. ಸಂಜೆಯ ರೈಲಿನಲ್ಲಿ, ಜನರ ನೂಕಿನಲ್ಲಿ ಅದರ ಸೂಜಿಯಂಥ ಕಾಲುಗಳು ಬಾಗಬಾರದೆಂದು ಕುಂಬಳೆಯ ತನಕ ಕೈಯಲ್ಲಿ ಎತ್ತಿ ಹಿಡಿದು ತಂದವಳು ನಾನು. ತಂದವರು ಯಾರು ಎಂದು ಕೇಳಿದಾಗ ಗೊತ್ತಿಲ್ಲ ಎಂದದ್ದು ಭಾಷೆ ಬಾರದ್ದರಿಂದ ಅಲ್ಲ. ಆ ಪ್ರಶ್ನೆಯನ್ನು ನನಗೆ ಕನ್ನಡದಲ್ಲಿಯೇ ಕೇಳಿದ್ದರು.